ಕರಡಿಯ ಕೈ ಹಿಡಿದು ಹೋದ ಮಗು

ಶನಿವಾರ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಒಬ್ಬಳು ಇಪ್ಪತ್ತರ ಹುಡುಗಿ. ತೊಟ್ಟ ಹಸಿರು ಟೀ ಶರ್ಟಿನ ಎದೆಯ ಮೇಲೆ ನಗುವ ಕರಡಿಯ ಚಿತ್ರ. ಇನ್ನೊಬ್ಬಳಿಗೆ ಮೂವತ್ತರ ಆಸುಪಾಸು. ಮಾತ್ರೆಗಳ ಚೀಲವೊಂದನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ಚೀಲ ಹಿಡಿದವಳೇ ಹೇಳಿದಳು:

“ನನ್ನ ಮಗಳನ್ನ ಕರಡಿ ಕರ್ಕೊಂಡು ಹೋಯ್ತು.”

ಬಾಗಿಲಲ್ಲಿ ನಿಂತಿದ್ದ ಸೆಂಟ್ರಿಗೆ ನಗು ಬಂದಿತ್ತು. ಅವಳ ಮುಖ ನೋಡಿ ಆ ನಗು ತುಟಿಯಲ್ಲೇ ಒಣಗಿತು.

ಇನ್‌ಸ್ಪೆಕ್ಟರ್ ಅವರಿಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಆಕೆ ಹೆಚ್ಚು ಮಾತಿನವರಲ್ಲ. ಕಳ್ಳರ ಮುಂದೆ, ಕುಡುಕರ ಮುಂದೆ, ಮೇಲಧಿಕಾರಿಗಳ ಮುಂದೆ ನಡುಗದ ಹೆಂಗಸು ಎಂದು ಠಾಣೆಯಲ್ಲಿ ಹೆಸರು. ಆದರೆ ‘ಮಗು ಕಾಣೆ’ ಎಂಬ ಎರಡು ಪದ ಕಿವಿಗೆ ಬಿದ್ದರೆ ಆಕೆಗೂ ಹೆದರಿಕೆಯಾಗುತ್ತಿತ್ತು. ಅದು ಯಾರಿಗೂ ತಿಳಿಯದಿರಲೆಂದು ಆಕೆ ಮೊದಲು ನೀರು ತರಿಸುತ್ತಿದ್ದರು, ಆಮೇಲೆ ಪೆನ್ನು ಎತ್ತಿಕೊಳ್ಳುತ್ತಿದ್ದರು.

ಹುಡುಗಿ ಕಾಲೇಜಿನ ಸೇವಾ ಸಂಘದ ಅಧ್ಯಕ್ಷೆ. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿಗಾಗಿ ಪ್ರತಿ ವರ್ಷ ಸಂಘದವರು ಕಾಲೇಜು ಮೈದಾನದಲ್ಲಿ ದಿನವಿಡೀ ಆಟ, ಓಟ, ಹಾಡು ಎಲ್ಲ ಇಟ್ಟು ದೇಣಿಗೆ ಎತ್ತುತ್ತಾರೆ. ಹನ್ನೊಂದು ಗಂಟೆಗೆ ವಾರ್ಡಿನ ಒಂದು ಮಗು ಕರಡಿಯ ಕೈ ಹಿಡಿದು ವೇದಿಕೆ ಹತ್ತುತ್ತದೆ. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಈ ವರ್ಷದ ಮಗುವಿಗೆ ಆರು ವರ್ಷ. ಔಷಧಿಯಿಂದ ತಲೆಗೂದಲು ಉದುರಿದ್ದರಿಂದ ‘ಮೊಟ್ಟೆ’ ಎಂದು ತನಗೆ ತಾನೇ ಹೆಸರಿಟ್ಟುಕೊಂಡವಳು. ಬೇರೆ ಹೆಸರಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲವಂತೆ.

“ಕರಡಿ ವೇಷದೊಳಗೆ ಯಾರಿದ್ರು?”

“ಗೊತ್ತಿಲ್ಲ ಮೇಡಂ.”

“ನಿಮ್ಮ ಸಂಘದ್ದೇ ಅಲ್ವಾ ಕರಡಿ?”

“ನಮ್ಮದೇ. ಆದ್ರೆ ಒಳಗೆ ಯಾರು ಅಂತ ಕೇಳೋ ಹಾಗಿಲ್ಲ. ಮಕ್ಕಳ ಕಿವಿಗೆ ಬಿದ್ರೆ ಕಷ್ಟ. ಅವರ ಪಾಲಿಗೆ ಕರಡಿ ಕರಡೀನೇ. ಮಾತಾಡಲ್ಲ, ತಲೆ ತೆಗೆಯಲ್ಲ. ಮೊದಲಿಂದ ನಮ್ಮಲ್ಲಿ ಹಾಗೇ.”

ಮೂಲೆಯಲ್ಲಿ ನಿಂತಿದ್ದ ಹಿರಿಯ ಹೆಡ್ ಕಾನ್ಸ್‌ಟೇಬಲ್ ಕೆಮ್ಮಿದರು. ಠಾಣೆಯವರೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು. ಲಾಕಪ್ಪಿನವರೂ ಎರಡನೇ ದಿನಕ್ಕೆ ಹಾಗೇ ಕರೆಯತೊಡಗುತ್ತಿದ್ದರು. “ಭೇಷ್,” ಎಂದರು ದೊಡ್ಡಪ್ಪ. “ಮುಖ ಮುಚ್ಕೊಳ್ಳಿ, ಬಾಯಿ ಮುಚ್ಕೊಳ್ಳಿ, ಯಾರೂ ನಿಮ್ಮನ್ನ ಏನೂ ಕೇಳಲ್ಲ. ಮೂವತ್ತು ವರ್ಷದ ಸರ್ವಿಸಲ್ಲಿ ಯಾವ ಕಳ್ಳನಿಗೂ ಇಷ್ಟು ಅನುಕೂಲ ಮಾಡಿಕೊಟ್ಟಿದ್ದು ಕಂಡಿಲ್ಲ.”

ಇನ್‌ಸ್ಪೆಕ್ಟರ್ ಕಣ್ಣಲ್ಲೇ ಅವರನ್ನು ಸುಮ್ಮನಾಗಿಸಿ ತಾಯಿಯ ಕಡೆ ತಿರುಗಿದರು. ಯಾರೂ ಕೇಳದೆಯೇ ಅವಳು ಹೇಳಿದಳು: “ಕೈ ಹಿಡಿಸಿದ್ದು ನಾನೇ ಮೇಡಂ. ವಾರದಿಂದ ಕರಡಿ ಕರಡಿ ಅಂತ ಜಪ ಮಾಡ್ತಿದ್ಲು. ಅದು ಬಂದು ಕೈ ಚಾಚಿತು. ಹೋಗು ಪುಟ್ಟ ಅಂದೆ. ನಾನೇ ಅಂದೆ.”

ಎಫ್‌ಐಆರ್ ದಾಖಲಾಯಿತು. ರೈಟರ್ ಅದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಾಗ ಇನ್‌ಸ್ಪೆಕ್ಟರ್ ಆಸ್ಪತ್ರೆಯ ವೈದ್ಯರಿಗೆ ಫೋನು ಮಾಡಿದರು.

“ಕಳೆದ ವಾರವಷ್ಟೇ ಔಷಧಿ ಏರಿಸಿದ್ದೇವೆ,” ಎಂದರು ವೈದ್ಯರು. “ರೋಗದ ಜೊತೆ ಹೊಡೆದಾಡೋ ಶಕ್ತಿ ಅವಳ ರಕ್ತದಲ್ಲಿ ಈಗ ಇಲ್ಲವೇ ಇಲ್ಲ ಅನ್ನಿ. ನಮಗೆ ನೆಗಡಿ ತರೋದು ಅವಳ ಪ್ರಾಣಕ್ಕೇ ಬರಬಹುದು. ಮೈ ಬಿಸಿ ಆಯ್ತು ಅಂದ್ರೆ ಕೂಡಲೇ ಇಲ್ಲಿರಬೇಕು. ಸಂಜೆ ಆರಕ್ಕೆ ಒಂದು ಮಾತ್ರೆ ಇದೆ, ಅದೂ ತಪ್ಪಬಾರದು.”

“ಹಾಗಿದ್ರೆ ಅಷ್ಟು ಜನದ ಮಧ್ಯೆ ಕಳಿಸಿದ್ದು ಯಾಕೆ ಡಾಕ್ಟ್ರೇ?”

“ಮಾಸ್ಕ್ ಹಾಕಿ, ಹತ್ತೇ ನಿಮಿಷ, ಯಾರೂ ಮುಟ್ಟಬಾರದು ಅಂತ ಹೇಳಿದ್ದೆ. ಆ ಮಕ್ಕಳು ವಾರ್ಡಿಗೆ ಇಷ್ಟೆಲ್ಲ ಮಾಡ್ತಾರೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

ಜೀಪು ಹತ್ತುವ ಮೊದಲು ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವುದುಂಟು. ಸಿಬ್ಬಂದಿಗೆ ಅದು ರೂಢಿ. ಎಂಜಿನ್ ಚಾಲೂ ಮಾಡಿ ಕಾಯುತ್ತಾರೆ. ಅಂದು ಆಕೆ ನಿಂತೇ ಇದ್ದರು. ಬೇಡಿಕೊಳ್ಳಲು ಹೊರಟರೆ ಒಂದು ಮಾತೂ ಕೂಡಿ ಬರಲೊಲ್ಲದು. ಕೊನೆಗೆ “ಬಿಸಿ ಆಗದಿರಲಿ” ಎಂದಷ್ಟೇ ಮನಸ್ಸಿನಲ್ಲಿ ಅಂದುಕೊಂಡು, ಹುಡುಗಿಯನ್ನೂ ತಾಯಿಯನ್ನೂ ಹಿಂದೆ ಕೂರಿಸಿಕೊಂಡು ಹತ್ತಿ ಕೂತರು.

ಮೈದಾನದಲ್ಲಿ ಹಾಡು ನಿಂತಿತ್ತು. ಬಣ್ಣದ ಬಲೂನುಗಳು ಹಗ್ಗದಲ್ಲಿ ತೂಗುತ್ತಿದ್ದವು. ಹಸಿರು ಟೀ ಶರ್ಟಿನ ಹುಡುಗ ಹುಡುಗಿಯರು ಮಳೆಗೆ ಸಿಕ್ಕ ಕೋಳಿಮರಿಗಳಂತೆ ಒತ್ತೊತ್ತಾಗಿ ನಿಂತಿದ್ದರು. ಮುಂಬಾಗಿಲು ಮುಚ್ಚಿಸಿ ಪ್ರತಿ ಅಂಗಡಿ, ಪ್ರತಿ ಶೌಚಾಲಯ ಹುಡುಕಿಸಿದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ಇಬ್ಬರು ಉಪನ್ಯಾಸಕರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ನಡೆಯಿತು. ವೇಷ ತೂಗುಹಾಕುವ ಗೋಡೆಯ ಮೊಳೆ ಖಾಲಿ. ಕೆಳಗೆ ಬೆಂಚು, ಬೆವರು ಒರೆಸುವ ಟವೆಲ್ಲು, ಒಂದು ಫ್ಯಾನು. ಕರಡಿ ಇಲ್ಲ.

ಆ ಪಾಳಿಯ ಕರಡಿ ಆಗಬೇಕಿದ್ದವನು ಉದ್ದನೆಯ ಹುಡುಗ, ಗೆಳೆಯರಿಗೆ ‘ಒಂಟೆ’. 

“ಎಷ್ಟೊತ್ತಿಗೆ ಬಂದೆ?”

“ಹತ್ತೂವರೆಗೆ ಮೇಡಂ. ನೋಡಿದ್ರೆ ಕರಡಿ ಇರಲಿಲ್ಲ. ಬೇರೆ ಯಾರೋ ಹಾಕ್ಕೊಂಡಿದಾರೆ ಅನ್ಕೊಂಡೆ.”

“ಯಾರು ಅಂತ ಕೇಳ್ಲಿಲ್ವಾ?”

“ಕೇಳೋ ಹಾಗಿಲ್ವಲ್ಲ.” ಅವನು ತಲೆ ತಗ್ಗಿಸಿದ. “ನಿಜ ಹೇಳ್ಬೇಕಂದ್ರೆ ಖುಷಿ ಆಯ್ತು. ಒಳಗೆ ಕೂತ್ರೆ ಬೆಂದು ಹೋಗ್ತೀವಿ. ಯಾವ ಪುಣ್ಯಾತ್ಮನೋ ನನ್ನ ಪಾಳಿ ತಗೊಂಡ ಅಂತ ಜ್ಯೂಸ್ ಕುಡಿಯೋಕೆ ಹೋದೆ.”

ದೊಡ್ಡಪ್ಪ ಅವನ ಬೆನ್ನು ತಟ್ಟಿದರು. ಬಾರಿಸಲು ಹೋದ ಕೈ ಅದು. ಹತ್ತಿರ ಹೋದಾಗ ಮನಸ್ಸು ಬದಲಾಯಿಸಿತು.

ಹಿಂಬದಿಯ ಸಣ್ಣ ಗೇಟಿನ ಕಾವಲುಗಾರ ಎಲ್ಲವನ್ನೂ ಕಂಡಿದ್ದ. ಕಂಡು ಸಂತೋಷವನ್ನೂ ಪಟ್ಟಿದ್ದ.

“ಹೋಯ್ತು ಮೇಡಂ, ಹತ್ತೂಮುಕ್ಕಾಲು ಇರಬೇಕು. ನಾನೇ ಸೆಲ್ಯೂಟ್ ಹೊಡೆದೆ.”

“ಕರಡಿಗಾ?” ಎಂದರು ದೊಡ್ಡಪ್ಪ.

“ಮತ್ತೆ? ಮಗು ನಗಲಿ ಅಂತ. ನಕ್ಕಳು ಕೂಡ.”

“ಮಗು ಅಳ್ತಿತ್ತಾ? ಎಳೀತಿತ್ತಾ ಕರಡಿ?” ಎಂದರು ಇನ್‌ಸ್ಪೆಕ್ಟರ್.

“ಛೇ, ಇಲ್ಲ. ಮಗು ಗೇಟಿನ ಸರಳು ಮುಟ್ಟಿತು ನೋಡಿ, ಕರಡಿ ತಕ್ಷಣ ನಿಂತ್ಕೊಳ್ತು. ಒಂದು ಪಂಜಾ ಕಳಚಿ, ಬಾಟ್ಲಿ ತೆಗೆದು ಮಗು ಕೈಗೆ ಹಾಕಿ ಚೆನ್ನಾಗಿ ಉಜ್ಜಿತು. ಮಾಸ್ಕ್ ಮೂಗಿನ ಮೇಲಕ್ಕೆ ಎಳೆದು ಸರಿ ಮಾಡ್ತು. ಆಗ ಕೈ ಕಾಣಿಸ್ತು. ಹೆಂಗಸಿನ ಕೈ. ಮಣಿಕಟ್ಟಿನ ಹತ್ರ ಸುಟ್ಟ ಕಲೆ ಇತ್ತು.”

ಇನ್‌ಸ್ಪೆಕ್ಟರ್ ಬರೆದುಕೊಂಡರು. ಕದ್ದೊಯ್ಯುವ ಮಗುವಿನ ಕೈ ತೊಳೆಸುವ ಕಳ್ಳಿ ಎಂಥವಳು? ಸಮಾಧಾನ ಪಡಬೇಕೋ ಇನ್ನಷ್ಟು ಹೆದರಬೇಕೋ ತಿಳಿಯಲಿಲ್ಲ. ದುಡ್ಡಿಗೆ ಕದ್ದವರು ಫೋನು ಮಾಡುತ್ತಾರೆ, ಅವರೊಡನೆ ಮಾತಾಡಬಹುದು. ಇವಳಿಗೆ ಏನು ಬೇಕು?

ಹೊಸದಾಗಿ ಸೇರಿದ್ದ ಮಹಿಳಾ ಕಾನ್ಸ್‌ಟೇಬಲ್ ಗೇಟಿನಾಚೆಯ ಓಣಿಯಿಂದ ಓಡಿ ಬಂದಳು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಕರಡಿ ಸಿಕ್ಕಿತ್ತು. ಬಿಸಾಡಿದಂತಿರಲಿಲ್ಲ. ಇಸ್ತ್ರಿ ಅಂಗಡಿಯಿಂದ ಬಂದ ಬಟ್ಟೆಯಂತೆ ತೋಳು ಒಳಗೆ, ಕಾಲು ಒಳಗೆ ಮಡಚಿ, ಮೇಲೆ ತಲೆಯನ್ನು ನೆಟ್ಟಗೆ ಕೂರಿಸಲಾಗಿತ್ತು. ಬೀದಿಗೆ ಮುಖ ಮಾಡಿ ಅದು ನಗುತ್ತಿತ್ತು. ಕಾನ್ಸ್‌ಟೇಬಲ್ ಹುಡುಗಿ ಅದನ್ನು ಮುಟ್ಟಲು ಅಂಜಿ ದೂರವೇ ನಿಂತಿದ್ದಳು. ಎರಡನೇ ಪಂಚನಾಮೆ ಅಲ್ಲೇ ನಡೆಯಿತು. ತಲೆಯೊಳಗೆ ಒಂದು ನೀಳ ಕೂದಲು, ಅರ್ಧ ನರೆತದ್ದು.

“ಹೆಂಗಸು. ನಿಮ್ಮ ರೂಲು ಗೊತ್ತಿರೋಳು. ವೇಷದ ಕೋಣೆಗೆ ಹೋಗಿ ಬಂದ್ರೂ ಯಾರೂ ತಡೆಯದೋಳು,” ಎಂದರು ಇನ್‌ಸ್ಪೆಕ್ಟರ್, ಮೈದಾನಕ್ಕೆ ಮರಳಿ ಸಂಘದವರೊಡನೆ. “ಬೆಳಿಗ್ಗೆಯಿಂದ ತೆಗೆದ ಫೋಟೋ ಎಲ್ಲ ತೋರಿಸಿ.”

ಇಪ್ಪತ್ತು ಫೋನುಗಳು ಮೇಜಿನ ಮೇಲೆ ಬಂದವು. ನಗುವ ಮುಖಗಳ ನಡುವೆ ಇನ್‌ಸ್ಪೆಕ್ಟರ್ ಹುಡುಕಿದ್ದು ನಗದ ಒಂದು ಮುಖವನ್ನು. ಸಿಕ್ಕಿತು. ಮೂರು ಚಿತ್ರಗಳಲ್ಲಿ ಮೊಟ್ಟೆಯ ಹಿಂದೆಯೇ ಒಬ್ಬ ಹೆಂಗಸು. ಅರ್ಧ ಮುಖಕ್ಕೆ ಮಾಸ್ಕ್. ಎಲ್ಲರದೂ ಹಸಿರು ಟೀ ಶರ್ಟು, ಅವಳದು ನೀಲಿ. ಎದೆಯ ಮೇಲೆ ಅದೇ ಕರಡಿ.

“ಯಾರಿದು?”

“ಓ, ಆಂಟಿ,” ಎಂದಳು ಅಧ್ಯಕ್ಷೆ. “ತಿಂಗಳಿಂದ ಬರ್ತಿದಾರೆ. ಎಷ್ಟು ಒಳ್ಳೆಯವರು ಗೊತ್ತಾ? ಬಾವುಟ ಹೊಲಿದ್ರು, ಕರಡಿ ಬಟ್ಟೆ ಒಗೆದ್ರು. ಆಸ್ಪತ್ರೆ ಕಡೆಯವರು.”

ಮಗುವಿನ ಜೊತೆ ಬಂದಿದ್ದ ನರ್ಸ್ ತಲೆ ಎತ್ತಿದಳು. ವಾರ್ಡಿಗೆ ಹೊಸಬಳು. “ನಮ್ಮ ಕಡೆಯವರಾ? ನಾನು ನಿಮ್ಮ ಸಂಘದವರು ಅನ್ಕೊಂಡೆ! ಮಗು ಕೂರೋ ಕುರ್ಚಿ ಎರಡು ಸಲ ಒರೆಸಿದ್ರು. ಎಂಥ ಸಂಘ ಅಂತ ಮೆಚ್ಚಿಕೊಂಡೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದೊಡ್ಡ ಮೈದಾನ ಒಮ್ಮೆಲೇ ಇಕ್ಕಟ್ಟಾದಂತಾಯಿತು.

“ಟೀ ಶರ್ಟು ನೀಲಿ ಯಾಕೆ?”

“ಅದು ಹೋದ ವರ್ಷದ್ದು ಮೇಡಂ.”

ಚಿತ್ರವನ್ನು ಆಸ್ಪತ್ರೆಯ ಹೆಡ್ ನರ್ಸ್‌ಗೆ ಕಳಿಸಿ, ಇನ್‌ಸ್ಪೆಕ್ಟರ್ ಫೋನಿನ ದನಿ ಎಲ್ಲರಿಗೂ ಕೇಳುವಂತೆ ಇಟ್ಟರು. ಆ ಕಡೆಯಿಂದ ಹೆಡ್ ನರ್ಸ್ ಹೇಳಿದರು:

“ಈ ಕಣ್ಣು ಮರೆಯೋಕಾಗತ್ತಾ? ಸೀಟಿಯ ತಾಯಿ.”

“ಸೀಟಿ!” ಅಧ್ಯಕ್ಷೆಯ ಮುಖ ಅರಳಿತು. “ಸೀಟಿ ಹೊಡೀತಿದ್ದ ಹುಡುಗ! ಹೋದ ವರ್ಷ ವೇದಿಕೆ ಹತ್ತಿದ್ದು ಅವನೇ. ಇವತ್ತು ಅವನ ವಿಡಿಯೋ ಹಾಕೋರಿದ್ವಿ. ಹುಷಾರಾಗಿ ಮನೆಗೆ ಹೋದ ಅಲ್ವಾ ಸಿಸ್ಟರ್?”

“ಹಾಗಂತ ಯಾರು ಹೇಳಿದ್ರು ನಿಂಗೆ?”

“ಯಾರೂ... ಹಳೇ ಬ್ಯಾಚು ಪರೀಕ್ಷೆ ಮುಗಿಸಿ ಹೋಯ್ತು. ನಾವು ಹಾಗೇ ಅನ್ಕೊಂಡ್ವಿ.”

“ಕಾರ್ಯಕ್ರಮ ಆಗಿ ವಾರಕ್ಕೆ ಜ್ವರ ಬಂತಮ್ಮ. ಉಳೀಲಿಲ್ಲ.”

ಅಧ್ಯಕ್ಷೆ ಬೆಂಚಿನ ಮೇಲೆ ಕುಸಿದಳು. ಎದುರಿಗೆ ಮೊಟ್ಟೆಯ ತಾಯಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. “ಮಗು ಕಳ್ಕೊಂಡೋಳು ನನ್ನ ಮಗೂನ ತಗೊಂಡು ಹೋದ್ಲಾ?” ಎಂದಳು. ಆ ದನಿಯಲ್ಲಿ ಅಳು ಇರಲಿಲ್ಲ, ಅದೇ ಭಯಂಕರವಾಗಿತ್ತು. ಅವಳು ಇನ್‌ಸ್ಪೆಕ್ಟರ್ ಕೈ ಹಿಡಿದುಕೊಂಡು, ಆ ಕೈಗೆ ಮಾತ್ರೆಯ ಚೀಲ ತುರುಕಿದಳು. “ಆರು ಗಂಟೆಗೆ. ಹಳದಿ ಮಾತ್ರೆ.”

ಸಾಕಿಕೊಳ್ಳಲು ಒಯ್ದವಳಾದರೆ ಊರು ಬಿಟ್ಟಿರಬಹುದು. ಸೇಡಿಗೆ ಒಯ್ದವಳಾದರೆ? ತನ್ನ ಮಗನಿದ್ದಲ್ಲಿಗೇ ಇವಳನ್ನೂ ಕರೆದುಕೊಂಡು ತಾನೂ ಹೊರಟವಳಾದರೆ? ಇನ್‌ಸ್ಪೆಕ್ಟರ್ ಆ ಯೋಚನೆಯನ್ನು ಅರ್ಧಕ್ಕೇ ಕತ್ತರಿಸಿದರು. ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ವಯರ್‌ಲೆಸ್‌ನಲ್ಲಿ ಚಹರೆ ಹೋಯಿತು. ಆಸ್ಪತ್ರೆಯ ಹಳೆಯ ದಾಖಲೆಯಲ್ಲಿ ಸಿಕ್ಕ ವಿಳಾಸಕ್ಕೆ ಜೀಪು ಹೊರಟಿತು. ಹೆಂಗಸು ಇಸ್ತ್ರಿ ಅಂಗಡಿಯಲ್ಲಿ ಕೆಲಸದವಳು. ಗಂಡ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ದಾರಿಯುದ್ದಕ್ಕೂ ದೊಡ್ಡಪ್ಪ ಒಂದೂ ತಮಾಷೆ ಮಾಡಲಿಲ್ಲ. ಅವರು ಸುಮ್ಮನಿರುವುದನ್ನು ಕಂಡು ಡ್ರೈವರನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತಿತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ. ಜೀಪನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದರು. ಸೈಕಲ್ ಅಂಗಡಿಯವನು ಮೇಲೆ ಬೆರಳು ತೋರಿಸಿ, “ಬಂದಾಗಿನಿಂದ ನೆಲ ಉಜ್ಜೋ ಸದ್ದು. ಈಗ ನಿಂತಿದೆ,” ಎಂದ. ಆ ಕೊನೆಯ ಮಾತು ಇನ್‌ಸ್ಪೆಕ್ಟರ್ ಕಿವಿಯಲ್ಲೇ ಉಳಿಯಿತು. ಕಿರಿದಾದ ಮೆಟ್ಟಿಲು, ಗಪ್ಪೆಂದು ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ. ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಏನೂ ಇಲ್ಲ. ಮಾತಿಲ್ಲ, ಅಳುವಿಲ್ಲ, ಪಾತ್ರೆಯ ಸದ್ದಿಲ್ಲ. ಆಕೆಯ ಬೆನ್ನ ಹಿಂದೆ ಕಾನ್ಸ್‌ಟೇಬಲ್ ಹುಡುಗಿ ಗೋಡೆಗೆ ಒತ್ತಿ ನಿಂತಿದ್ದಳು. ಒದೆಯಲು ದೊಡ್ಡಪ್ಪ ಕಾಲೆತ್ತಿದರು. ಇನ್‌ಸ್ಪೆಕ್ಟರ್ ಬೇಡವೆಂದು ಕೈಯಾಡಿಸಿ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

“ಯಾರು?”

“ಪೊಲೀಸ್. ಬಾಗಿಲು ತೆಗೀರಿ.”

“ಎಷ್ಟು ಜನ ಇದೀರಿ?”

“ಮೂರು.”

“ಒಬ್ಬರೇ ಬನ್ನಿ. ಶೂ ಹೊರಗೆ ಬಿಡಿ. ಬಕೆಟ್ ಇದೆ ನೋಡಿ, ಸೋಪೂ ಇದೆ. ಮೊಣಕೈ ತನಕ ತೊಳ್ಕೊಂಡು ಬನ್ನಿ. ಮಗು ಮಲಗಿದೆ, ಗಟ್ಟಿ ಮಾತಾಡ್ಬೇಡಿ.”

‘ಮಲಗಿದೆ’ ಎಂಬ ಮಾತಿಗೆ ಎಷ್ಟು ಅರ್ಥಗಳಿವೆಯೆಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಶೂ ಬಿಚ್ಚಿದರು. ಕೈ ತೊಳೆಯುವಾಗ ಸೋಪು ಎರಡು ಸಲ ಜಾರಿ ಬಿತ್ತು. ದೊಡ್ಡಪ್ಪ ಎತ್ತಿಕೊಟ್ಟರು.

ಬಾಗಿಲು ತೆರೆಯಿತು. ನೆಲ, ಗೋಡೆ, ಕಿಟಕಿಯ ಸರಳು ಎಲ್ಲ ಉಜ್ಜಿ ತೊಳೆದು ಹೊಳೆಯುತ್ತಿದ್ದವು. ಇಸ್ತ್ರಿ ಮಾಡಿದ ಬಿಳಿ ಹೊದಿಕೆಯ ಮೇಲೆ ಬೋಳುತಲೆಯ ಮಗು ಮಾಸ್ಕ್ ಹಾಕಿಕೊಂಡೇ ಅಂಗಾತ ಮಲಗಿತ್ತು. ಇನ್‌ಸ್ಪೆಕ್ಟರ್ ಅದರ ಎದೆಯನ್ನೇ ನೋಡುತ್ತ ನಿಂತರು. ಏರಿತು. ಇಳಿಯಿತು. ಮತ್ತೆ ಏರಿತು. ಆಗ ಮಾತ್ರ ಆಕೆ ತಾವೂ ಉಸಿರಾಡಿದರು.

“ಜ್ವರ ಇಲ್ಲ,” ಎಂದಳು ನೀಲಿ ಟೀ ಶರ್ಟಿನ ಹೆಂಗಸು. ಕೈಯಲ್ಲಿ ಥರ್ಮಾಮೀಟರ್ ಇತ್ತು. ಮಣಿಕಟ್ಟಿನಲ್ಲಿ ಇಸ್ತ್ರಿ ಪೆಟ್ಟಿಗೆ ತಾಗಿದ ಹಳೆಯ ಕಲೆ. “ಆರು ಗಂಟೆಗೆ ಮಾತ್ರೆ ಇದೆ. ಅದು ಅವಳ ತಾಯಿ ಹತ್ರ. ಅಷ್ಟರೊಳಗೆ ವಾರ್ಡಿಗೆ ನಾನೇ ಬಿಟ್ಟು ಬರ್ತಿದ್ದೆ. ಮೈದಾನ ಖಾಲಿಯಾಗ್ಲಿ ಅಂತ ಕಾಯ್ತಿದ್ದೆ.”

ನಿಜವೋ ಸುಳ್ಳೋ ಹೇಳುವವರಾರು? ಇನ್‌ಸ್ಪೆಕ್ಟರ್ ತಗ್ಗಿದ ದನಿಯಲ್ಲೇ ಕೇಳಿದರು: “ಬೇಡ ಅಂತ ಹೇಳಬಹುದಿತ್ತಲ್ಲಮ್ಮ.”

“ಹೇಳಿದೆ. ಜನ ಸೇರಿಸೋದು ಬೇಡ ಮಕ್ಕಳೇ ಅಂದೆ. ಆ ಹುಡುಗಿ ತಬ್ಬಿಕೊಂಡು, ನೀವೆಷ್ಟು ಒಳ್ಳೆಯವರು ಆಂಟಿ, ಏನೂ ಆಗಲ್ಲ, ಹೋದ ವರ್ಷದ ಹುಡುಗನೂ ಹತ್ತಿದ್ದ, ಈಗ ಆರಾಮಾಗಿದಾನೆ ಅಂದ್ಲು. ನನ್ನ ಮುಂದೇನೇ. ಆಮೇಲೆ ಮಾತು ಬರಲಿಲ್ಲ.”

“ಇವಳ ತಾಯಿ ಬೆಳಿಗ್ಗೆಯಿಂದ ಏನು ಪಡ್ತಿದಾಳೆ ಗೊತ್ತಾ ನಿಮಗೆ?”

ಹೆಂಗಸು ಮೊದಲ ಬಾರಿಗೆ ಇನ್‌ಸ್ಪೆಕ್ಟರ್ ಮುಖ ನೋಡಿದಳು.

“ಗೊತ್ತು. ಅವಳಿಗೆ ಒಂದೇ ದಿನ.”

ಮೊಟ್ಟೆಗೆ ಎಚ್ಚರವಾಯಿತು. ಖಾಕಿ ನೋಡಿ ಕಣ್ಣರಳಿಸಿ, “ನೀವೂ ವೇಷ ಹಾಕಿದೀರಾ?” ಎಂದು ಕೇಳಿತು. “ಹೂಂ ಕಣೇ,” ಎಂದರು ಹೊಸ್ತಿಲಾಚೆಯಿಂದ ದೊಡ್ಡಪ್ಪ, “ನಾನು ಮೂವತ್ತು ವರ್ಷದಿಂದ ಹಾಕ್ಕೊಂಡಿದೀನಿ, ತೆಗೆಯೋಕೇ ಬಿಡ್ತಿಲ್ಲ.” ಹೇಳಿ, ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು.

ಮಗುವನ್ನು ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಒಯ್ದರು. ತಾಯಿ ಬಾಗಿಲಲ್ಲೇ ಕಾದಿದ್ದಳು. ಅಪ್ಪಿಕೊಳ್ಳಲು ಓಡಿ ಬಂದವಳು ಅರ್ಧಕ್ಕೆ ನಿಂತು, ತನ್ನ ಕೈಗಳನ್ನು ನೋಡಿಕೊಂಡು, ತೊಳೆದು ಬರಲು ಒಳಗೆ ಓಡಿದಳು. ಹಳದಿ ಮಾತ್ರೆ ಹೊತ್ತಿಗೆ ಸರಿಯಾಗಿ ಬಿತ್ತು. ಎರಡು ದಿನ ನೋಡದೆ ಏನೂ ಹೇಳಲಾಗದು ಎಂದರು ವೈದ್ಯರು.

ಹೊತ್ತು ಮುಳುಗುವ ಮೊದಲೇ, ಮಹಿಳಾ ಕಾನ್ಸ್‌ಟೇಬಲ್ ಸಮಕ್ಷಮದಲ್ಲಿ, ಅಪಹರಣದ ಕಲಮಿನಡಿ ಇಸ್ತ್ರಿಯ ಹೆಂಗಸಿನ ಬಂಧನವಾಯಿತು. ಅವಳು ಯಾವುದನ್ನೂ ಅಲ್ಲಗಳೆಯಲಿಲ್ಲ. ವೇಷ ತೊಟ್ಟಿದ್ದು, ಕೈ ಹಿಡಿದು ನಡೆಸಿದ್ದು, ಓಣಿಯಲ್ಲಿ ಬಾಡಿಗೆ ಆಟೋ ಹತ್ತಿದ್ದು, ಎಲ್ಲಕ್ಕೂ ಹೌದೆಂದಳು. ಕೊನೆಗೆ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

“ಒಂದು ಮಾತು ಕೇಳ್ತೀನಿ. ಇದು ಬರೆಯೋಕಲ್ಲ. ಆ ಮೈದಾನದಿಂದಲೇ ಜ್ವರ ಬಂತು ಅಂತ ಡಾಕ್ಟ್ರು ಹೇಳಿದ್ರಾ?”

“ಕೇಳ್ಲಿಲ್ಲ.”

“ಯಾಕೆ?”

ಹೆಂಗಸು ಮೇಜಿನ ಅಂಚನ್ನು ಬೆರಳಿನಿಂದ ಒರೆಸತೊಡಗಿದಳು.

“ಹೌದು ಅಂದುಬಿಟ್ರೆ? ಹೋದ ವರ್ಷ ವೇದಿಕೆ ಮೇಲೆ ಒಂದು ಹುಡುಗಿ ಫೋಟೋ ತೆಗೀತಿದ್ಲು. ಆಂಟಿ, ಮುಖ ಕಾಣ್ತಿಲ್ಲ ಅಂದ್ಲು. ನನ್ನ ಮಗನಿಗೆ ಸೀಟಿ ಹೊಡೆಯೋ ಆಸೆ ಬೇರೆ. ಮಾಸ್ಕ್ ತೆಗೆದಿದ್ದು ನಾನೇ ಮೇಡಂ. ಇಷ್ಟು ಮಾಡಿದೋರು ಕೇಳ್ತಿದಾರೆ, ಇಲ್ಲ ಅಂದ್ರೆ ಏನಂದ್ಕೊಂಡಾರು ಅಂತ. ಈ ಕೈಯಿಂದ.”

ಹೊರಗೆ ರೈಟರ್ ಯಾರಿಗೋ ಫೋನಿನಲ್ಲಿ ಠಾಣೆಯ ದಾರಿ ಹೇಳುತ್ತಿದ್ದ. ಇನ್‌ಸ್ಪೆಕ್ಟರ್ ಕಾಗದಗಳನ್ನು ಹತ್ತಿರ ಎಳೆದುಕೊಂಡರು. ಕಾನೂನಿಗೆ ಅದರದೇ ದಾರಿಯುಂಟು. ಅವಳ ಪಾಲಿನ ಶಿಕ್ಷೆಯನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಕೇಳದೆ ಬಿಟ್ಟ ಆ ಒಂದು ಪ್ರಶ್ನೆಯನ್ನು ನೋಡಿಕೊಳ್ಳುವವನು ಮೇಲಿನವನೊಬ್ಬನೇ ಎಂದು ಆಕೆಗೆ ಅನಿಸಿತು. ಬಂಧನದ ಕಾಗದದಲ್ಲಿ ಒಂದೇ ಜಾಗ ಖಾಲಿ ಉಳಿದಿತ್ತು. ಬಂಧಿತರ ಮನೆಯವರಿಗೆ ಸುದ್ದಿ ಮುಟ್ಟಿಸುವುದು ನಿಯಮ.

“ಯಾರಿಗೆ ತಿಳಿಸಬೇಕಮ್ಮ?”

ಅವಳು ಯೋಚಿಸಿದಳು.

“ಮೊಟ್ಟೆಯ ತಾಯಿಗೆ ತಿಳಿಸಿ,” ಎಂದಳು. “ನನ್ನ ಮನೇಲಿ ಇದ್ದಷ್ಟು ಹೊತ್ತೂ ಮಾಸ್ಕ್ ತೆಗೆದಿಲ್ಲ ಅಂತ.”